ಹುಡುಕಿದವರಿಗೆ ಸಿಗುವ ಕನ್ನಡ

ಜಾಹೀರಾತಿಗೆ ದುಡ್ಡು ಸುರಿಯದೆ ಗೂಗಲ್‌ನಿಂದ ಓದುಗರು ಬರುವಂತೆ ಮಾಡುವುದು ಹೇಗೆ? ಜಾಲತಾಣ ನಡೆಸುವವರೆಲ್ಲ ಕೇಳುವ ಪ್ರಶ್ನೆ ಇದು. ಗುಟ್ಟು ಹೇಳಿಕೊಡುತ್ತೇವೆ ಎನ್ನುವವರಿಗೂ ಬರವಿಲ್ಲ. ಆದರೆ ಈ ಓದುಗರು ಬರುವ ದಾರಿ ತಿಳಿಯಬೇಕಾದರೆ ಹುಡುಕುಯಂತ್ರದ ಬೇರನ್ನು ನೋಡಬೇಕು. ಆ ಬೇರು ಇರುವುದು ವ್ಯಾಪಾರದಲ್ಲಲ್ಲ, ವಿದ್ವತ್ತಿನಲ್ಲಿ.

1964ರಲ್ಲಿ ಅಮೆರಿಕದ ಯೂಜೀನ್ ಗಾರ್ಫೀಲ್ಡ್ ವಿಜ್ಞಾನ ಪ್ರಬಂಧಗಳ ಉಲ್ಲೇಖಸೂಚಿಯೊಂದನ್ನು ಹೊರತಂದರು. ಒಬ್ಬರ ಪ್ರಬಂಧವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರು ಎಂಬ ಲೆಕ್ಕ ಅದು. ಸ್ಟ್ಯಾನ್‌ಫೋರ್ಡಿನಲ್ಲಿ ಸಂಶೋಧನೆ ಮಾಡುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಇದೇ ತತ್ವವನ್ನು ಅಂತರಜಾಲಕ್ಕೆ ಒಗ್ಗಿಸಿ, 1998ರಲ್ಲಿ ಗೂಗಲ್ ಕಟ್ಟಿದರು. ಒಂದು ಪುಟ ಇನ್ನೊಂದಕ್ಕೆ ಕೊಟ್ಟ ಕೊಂಡಿಯೂ ಉಲ್ಲೇಖವೇ. ಮನ್ನಣೆ ಪಡೆದ ಪುಟದಿಂದ ಬಂದ ಕೊಂಡಿಗೆ ಹೆಚ್ಚು ತೂಕ. ಈಚೆಗೆ ಗೂಗಲ್ ಇನ್ನೂ ನೂರೆಂಟು ಸಂಗತಿಗಳನ್ನು ಅಳೆದು ನೋಡುತ್ತದೆ. ಆದರೂ ನಾಲ್ಕು ಜನ ಬಲ್ಲವರು ನಿಮ್ಮ ಬರಹವನ್ನು ನೆಚ್ಚಿ ತೋರಿಸುತ್ತಾರೆಯೇ ಎಂಬ ಪ್ರಶ್ನೆ ಹಿಂದೆ ಸರಿದಿಲ್ಲ.

ಆ ಮನ್ನಣೆಯನ್ನು ಕಳ್ಳದಾರಿಯಲ್ಲಿ ಪಡೆದದ್ದೂ ಉಂಟು. ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಯ ಪುಟಗಳಿಗೆ ಸಂಬಂಧವೇ ಇಲ್ಲದ ನೂರಾರು ತಾಣಗಳಲ್ಲಿ ಸಾವಿರಾರು ಕೊಂಡಿ ನೆಟ್ಟಿದ್ದನ್ನು 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. ತನಗೆ ಇದು ಗೊತ್ತಿರಲಿಲ್ಲ ಎಂದಿತು ಕಂಪನಿ. ಮೊದಲ ಸ್ಥಾನದಲ್ಲಿದ್ದ ಅದರ ಪುಟಗಳು ಎಷ್ಟೋ ಕೆಳಕ್ಕೆ ಬಿದ್ದವು. ಮರುವರ್ಷ ಗೂಗಲ್ ಇಂಥ ಕೊಂಡಿಗಳನ್ನೂ ಸೋಸುವ ‘ಪೆಂಗ್ವಿನ್’ ಎಂಬ ಜರಡಿ ತಂದಿತು.

ಕನ್ನಡದ ತೊಂದರೆ ಬೇರೆಯೇ. ನಮ್ಮಲ್ಲಿ ಒಳ್ಳೆಯ ಬರಹ ಇದೆ, ಯಂತ್ರಕ್ಕೆ ಅದು ಕಾಣುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಕಡತವನ್ನು ಆ ಫಾಂಟಿಲ್ಲದೆ ತೆರೆದು ನೋಡಿ. ‘ಕನ್ನಡ’ ಎಂಬ ಪದ ಇರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಗೆರೆ ಹೊತ್ತ ‘ಎ’, ಪೌಂಡ್ ಹಣದ ಚಿಹ್ನೆ, ಹೀಗೆ ಸಾಲುಗಟ್ಟಿರುತ್ತವೆ. ನಮ್ಮ ಕಣ್ಣಿಗೆ ಅಕ್ಷರ ಕಂಡದ್ದು ಫಾಂಟಿನ ವೇಷದಿಂದ. ಒಳಗೆ ಕನ್ನಡವೇ ಇಲ್ಲ. ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಂದು ಇಷ್ಟು ವರ್ಷವಾದರೂ ಎಷ್ಟೊಂದು ಅಚ್ಚಿನ ಮನೆಗಳ ಕೆಲಸ ಹಳೆಯ ಫಾಂಟಿನಲ್ಲೇ ನಡೆಯುತ್ತಿದೆ. ಅದನ್ನೇ ಪಿಡಿಎಫ್ ಮಾಡಿ ಜಾಲಕ್ಕೆ ಏರಿಸುತ್ತಾರೆ. ಇನ್ನು ಕೆಲವರು ಬರೆದದ್ದನ್ನೆಲ್ಲ ಚಿತ್ರ ಮಾಡಿ ವಾಟ್ಸ್‌ಆ್ಯಪಿನಲ್ಲಿ ಹರಿಬಿಡುತ್ತಾರೆ. ವಾರದೊಳಗೆ ಅದು ಎಲ್ಲಿ ಹೋಯಿತೋ ಬರೆದವರಿಗೇ ಗೊತ್ತಿರುವುದಿಲ್ಲ. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ಶೀರ್ಷಿಕೆಯ ಮಾತೂ ಇದೆ. ಪದಗಳ ಚಮತ್ಕಾರ ನಮ್ಮ ಪತ್ರಿಕೆಗಳ ಸೊಗಸು, ಅದು ನನಗೂ ಪ್ರಿಯ. ಆದರೆ ಟೊಮೆಟೊ ಬೆಲೆ ಬಿದ್ದ ಸುದ್ದಿಗೆ ‘ಕೆಂಪು ಕಣ್ಣೀರು’ ಎಂದಷ್ಟೇ ತಲೆಬರಹ ಕೊಟ್ಟರೆ ಕೋಲಾರದ ರೈತ ಅದನ್ನು ಏನೆಂದು ಹುಡುಕಬೇಕು? ಅವನು ಟೈಪಿಸುವುದು ‘ಟೊಮೆಟೊ ಬೆಲೆ’ ಎಂದು. ಅಚ್ಚಿನಲ್ಲಿ ಚಮತ್ಕಾರ ಇರಲಿ, ಜಾಲದ ಪುಟಕ್ಕೆ ಬೆಳೆಯ ಹೆಸರು, ಊರಿನ ಹೆಸರು ಇರುವ ಇನ್ನೊಂದು ತಲೆಬರಹ ಕೊಡುವುದು ಕಷ್ಟವೇನಲ್ಲ.

ಕೇಳಿದ ಪ್ರಶ್ನೆಗೆ ಗೂಗಲ್ ಈಗ ತಾನೇ ಉತ್ತರ ಹೆಣೆದು ಮೇಲೆ ಇಡುತ್ತಿದೆ, ಓದುಗ ಮೂಲ ಪುಟಕ್ಕೆ ಬಾರದೆಯೇ ಹೋಗಬಹುದು ಎಂಬ ಆತಂಕ ನ್ಯಾಯವಾದದ್ದು. ಆದರೂ ಯಂತ್ರಕ್ಕೆ ಓದಲಾಗದ ಕನ್ನಡ ಆ ಉತ್ತರದೊಳಗೂ ಸೇರುವುದಿಲ್ಲ, ಮೂಲವಾಗಿಯೂ ನಿಲ್ಲುವುದಿಲ್ಲ.

ಆಗಬೇಕಾದ್ದು ಹೇಗಿರುತ್ತದೆ ಎಂಬುದಕ್ಕೆ ‘ವಚನ ಸಂಚಯ’ ತಾಣ ನೋಡಬಹುದು. ಒಂದು ಪದ ಕೊಟ್ಟರೆ ಅದು ಬಂದಿರುವ ವಚನಗಳೆಲ್ಲ ಎದುರಿಗೆ ಬರುತ್ತವೆ. ಹೀಗೆ ಹುಡುಕಲು ಸಿಗಬೇಕಾದದ್ದು ಇನ್ನೂ ಇದೆ. ಊರೂರಿನ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಸ್ಥಳೀಯ ಇತಿಹಾಸ, ಶಾಸನ, ಜಾತ್ರೆ, ಬೆಳೆಗಳ ಬಗ್ಗೆ ಬೇರೆಲ್ಲೂ ಸಿಗದ ಲೇಖನಗಳಿವೆ. ಅವುಗಳ ಹಳೆಯ ಕಡತ ಅಚ್ಚು ಹಾಕಿದವರ ಬಳಿ ಉಳಿದಿದ್ದರೆ ಇಂದೇ ಕೇಳಿ ಪಡೆಯಿರಿ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತುಗಳನ್ನು ಮಾತ್ರ ಸಾಲುಸಾಲಾಗಿ ತಿದ್ದಿಕೊಳ್ಳಬೇಕು. ಅವು ಜಾಗ ತಪ್ಪಿ ಪಕ್ಕದ ಅಕ್ಷರಕ್ಕೆ ಅಂಟುವುದುಂಟು.