ಪಟ್ಟು ಕಾಣಬೇಕಾದರೆ

2006ರಲ್ಲಿ ತಯಾರಾದ ‘ಅನ್‌ಡಿಸ್ಪ್ಯೂಟೆಡ್ 2: ಲಾಸ್ಟ್ ಮ್ಯಾನ್ ಸ್ಟ್ಯಾಂಡಿಂಗ್’ ಅಮೆರಿಕದಲ್ಲಿ ಚಿತ್ರಮಂದಿರಗಳ ಮುಖ ನೋಡದೆ ನೇರವಾಗಿ ಡಿವಿಡಿ ರೂಪದಲ್ಲಿ ಅಂಗಡಿ ಸೇರಿತು. ಹೀಗೆ ಬಿಡುಗಡೆಯಾಗುವ ಚಿತ್ರಗಳನ್ನು ವಿಮರ್ಶಕರು ಸಾಮಾನ್ಯವಾಗಿ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಹೆಸರಾಂತ ತಾರೆಯರಿಲ್ಲ, ಕಥೆ ಒಂದೇ ಸಾಲಿನದು, ಬಹುಪಾಲು ದೃಶ್ಯಗಳು ನಡೆಯುವುದು ಒಂದೇ ಜೈಲಿನಲ್ಲಿ. ಆದರೂ ಸಮರಕಲೆಯ ಸಿನಿಮಾ ಇಷ್ಟಪಡುವವರು ಇದನ್ನು ಇಂದಿಗೂ ಹುಡುಕಿ ನೋಡುತ್ತಾರೆ. ಅವರ ಮೆಚ್ಚುಗೆಗೆ ಗಟ್ಟಿ ಕಾರಣಗಳಿವೆ. ಅವನ್ನು ತಿಳಿದುಕೊಂಡರೆ, ಕುಸ್ತಿಯ ಪಟ್ಟುಗಳು ಬೆರೆತ ಸಣ್ಣ ಬಜೆಟ್ಟಿನ ಯಾವ ಚಿತ್ರವನ್ನಾದರೂ ಇನ್ನಷ್ಟು ಸವಿದು ನೋಡಬಹುದು.

ಕಥೆಯನ್ನು ಮೊದಲು ಹೇಳಿ ಮುಗಿಸುತ್ತೇನೆ. ಚೇಂಬರ್ಸ್ ಎಂಬ ಅಮೆರಿಕದ ಮಾಜಿ ಬಾಕ್ಸಿಂಗ್ ಚಾಂಪಿಯನ್ ಜಾಹೀರಾತೊಂದರಲ್ಲಿ ನಟಿಸಲು ರಷ್ಯಾಕ್ಕೆ ಬಂದಿದ್ದಾನೆ. ಅವನ ಬಳಿ ಮಾದಕವಸ್ತು ಸಿಕ್ಕಿತೆಂದು ಸುಳ್ಳು ಆರೋಪ ಹೊರಿಸಿ ಜೈಲಿಗೆ ತಳ್ಳುತ್ತಾರೆ. ಅಲ್ಲಿ ಬಾಜಿ ಕಟ್ಟಿ ನಡೆಸುವ ಕಾಳಗಗಳಿಗೆ ಬೊಯ್ಕಾ ಎಂಬ ಖೈದಿಯೇ ದೊರೆ. ಇವರಿಬ್ಬರನ್ನು ಎದುರುಬದುರು ನಿಲ್ಲಿಸಿ ದುಡ್ಡು ಮಾಡಬೇಕೆಂಬುದು ಮಾಫಿಯಾದ ಲೆಕ್ಕಾಚಾರ. ಚೇಂಬರ್ಸ್ ಆಗಿ ಮೈಕೆಲ್ ಜೈ ವೈಟ್, ಬೊಯ್ಕಾ ಆಗಿ ಇಂಗ್ಲೆಂಡಿನ ಸ್ಕಾಟ್ ಆಡ್ಕಿನ್ಸ್ ನಟಿಸಿದ್ದಾರೆ. ಇಬ್ಬರೂ ನಟರಾಗುವ ಮೊದಲೇ ಸಮರಕಲೆಗಳಲ್ಲಿ ಪಳಗಿದವರು. ಚಿತ್ರದ ನಿಜವಾದ ಬಂಡವಾಳ ಅದೇ.

ಇದರ ಮೊದಲ ಭಾಗ 2002ರಲ್ಲಿ ವಾಲ್ಟರ್ ಹಿಲ್ ನಿರ್ದೇಶಿಸಿದ್ದು. ಅದು ಅಪ್ಪಟ ಬಾಕ್ಸಿಂಗ್ ಚಿತ್ರ. ಎರಡನೆಯ ಭಾಗಕ್ಕೆ ಬಂದ ಐಸಾಕ್ ಫ್ಲೋರೆಂಟೈನ್ ಆಟದ ನಿಯಮವನ್ನೇ ಬದಲಿಸಿದರು. ಇಲ್ಲಿ ಗುದ್ದಬಹುದು, ಒದೆಯಬಹುದು, ಎತ್ತಿ ಒಗೆಯಬಹುದು, ನೆಲಕ್ಕೆ ಬಿದ್ದವನ ಮೇಲೆ ಪಟ್ಟು ಹಾಕಬಹುದು. 1993ರಲ್ಲಿ ಅಮೆರಿಕದಲ್ಲಿ ಯುಎಫ್‌ಸಿ ಪಂದ್ಯಗಳು ಶುರುವಾದಾಗ ಜಗತ್ತು ಕಂಡದ್ದೂ ಇದನ್ನೇ. ಅಲ್ಲಿ ದೊಡ್ಡ ದೊಡ್ಡ ಆಳುಗಳ ನಡುವೆ ಗೆದ್ದು ಬಂದವನು ಸಣಕಲು ಮೈಯ ರಾಯ್ಸ್ ಗ್ರೇಸಿ. ಗುದ್ದಿನಿಂದ ಗೆದ್ದವನಲ್ಲ, ಎದುರಾಳಿಯನ್ನು ನೆಲಕ್ಕೆ ಕೆಡವಿ, ಪಟ್ಟಿಗೆ ಸಿಕ್ಕಿಸಿ ಗೆದ್ದವನು. ಗುದ್ದುವುದೊಂದನ್ನೇ ಬಲ್ಲವನು ಹಿಡಿತಕ್ಕೆ ಸಿಕ್ಕರೆ ಅವನ ಕಥೆ ಏನಾಗುತ್ತದೆ ಎಂಬುದು ಅಂದಿನಿಂದ ಎಲ್ಲರಿಗೂ ಗೊತ್ತಾಯಿತು. ಚೇಂಬರ್ಸ್‌ನ ಸಂಕಟವೂ ಅದೇ. ಅವನ ಕೈ ಗಟ್ಟಿ, ಆದರೆ ನೆಲಕ್ಕೆ ಬಿದ್ದ ಮೇಲೆ ಏನು ಮಾಡಬೇಕೆಂದು ಅವನಿಗೆ ತಿಳಿಯದು.

ಕುಸ್ತಿಯನ್ನು ಸಿನಿಮಾದಲ್ಲಿ ತೋರಿಸುವುದು ಬಹಳ ಕಷ್ಟ. ಗುದ್ದನ್ನು ತೋರಿಸುವುದು ಸುಲಭ. ಮುಷ್ಟಿ ಮುಖದಿಂದ ನಾಲ್ಕು ಬೆರಳು ದೂರದಲ್ಲಿ ಹಾದುಹೋದರೂ ಸಾಕು. ಕ್ಯಾಮೆರಾವನ್ನು ಹೊಡೆಸಿಕೊಳ್ಳುವವನ ಅಥವಾ ಹೊಡೆಯುವವನ ಹೆಗಲ ಹಿಂದೆ ಇಟ್ಟರೆ ಆ ಅಂತರ ಕಾಣುವುದಿಲ್ಲ. ಮುಖ ತಿರುಗಿಸಿದರೆ, ಆಮೇಲೆ ಒಂದು ಸದ್ದು ಸೇರಿಸಿದರೆ ಕೆಲಸ ಮುಗಿಯಿತು. ಎತ್ತಿ ಒಗೆಯುವುದರಲ್ಲಿ ಈ ಕಣ್ಕಟ್ಟು ನಡೆಯುವುದಿಲ್ಲ. ಎಂಬತ್ತು ಕಿಲೋ ತೂಕದ ಮನುಷ್ಯ ನಿಜವಾಗಿಯೂ ಗಾಳಿಯಲ್ಲಿ ತಿರುಗಬೇಕು, ನಿಜವಾಗಿಯೂ ಬೆನ್ನ ಮೇಲೆ ಬೀಳಬೇಕು. ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಂಡು, ತೋಳು ಚಾಚಿ ಅಂಗೈಯಿಂದ ನೆಲ ಬಡಿದು ಪೆಟ್ಟನ್ನು ಮೈಗೆಲ್ಲ ಹಂಚಿಕೊಳ್ಳುವ ಅಭ್ಯಾಸ ಇರಬೇಕು. ಇಲ್ಲದಿದ್ದರೆ ತಲೆಗೆ ಪೆಟ್ಟು ಬೀಳುತ್ತದೆ. ನೆಲಕ್ಕೆ ಬಿದ್ದ ಮೇಲಿನ ಪಟ್ಟುಗಳದ್ದು ಬೇರೆ ತೊಡಕು: ಎರಡು ಮೈಗಳು ಹೆಣೆದುಕೊಂಡಾಗ ಯಾರ ಕೈ ಯಾರ ಕುತ್ತಿಗೆಯ ಮೇಲಿದೆ ಎಂಬುದೇ ನೋಡುವವನಿಗೆ ತಿಳಿಯುವುದಿಲ್ಲ.

ಬ್ರೂಸ್ ಲೀ ಈ ತೊಡಕನ್ನು ಮೊದಲೇ ಕಂಡುಕೊಂಡಿದ್ದರು. ಜೂಡೋ ಪಟು ಜೀನ್ ಲೆಬೆಲ್ ಜೊತೆ ಹಿಡಿತಗಳ ಅಭ್ಯಾಸ ಮಾಡಿದ್ದ ಅವರು 1973ರ ‘ಎಂಟರ್ ದಿ ಡ್ರ್ಯಾಗನ್’ ಚಿತ್ರದ ಮೊದಲ ಕಾಳಗದಲ್ಲೇ ಸ್ಯಾಮೊ ಹಂಗ್ ಅವರನ್ನು ತೋಳಿನ ಪಟ್ಟಿಗೆ ಸಿಕ್ಕಿಸಿ ಸೋಲೊಪ್ಪಿಸುತ್ತಾರೆ. ಹಾಂಗ್‌ಕಾಂಗ್‌ನ ಡಾನಿ ಯೆನ್ 2005ರ ‘ಎಸ್‌ಪಿಎಲ್’ ಮತ್ತು 2007ರ ‘ಫ್ಲ್ಯಾಶ್ ಪಾಯಿಂಟ್’ ಚಿತ್ರಗಳಲ್ಲಿ ಈ ದಾರಿಯನ್ನು ಮುಂದುವರಿಸಿದರು. ಫ್ಲೋರೆಂಟೈನ್ ಅವರ ಚಿತ್ರ ಬಂದದ್ದು ಆ ಎರಡರ ನಡುವೆ.

ಫ್ಲೋರೆಂಟೈನ್ ಹುಟ್ಟಿದ್ದು ಇಸ್ರೇಲಿನಲ್ಲಿ. ಸ್ವತಃ ಕರಾಟೆ ಕಲಿತವರು. ನಮ್ಮ ಮಕ್ಕಳೂ ಟಿವಿಯಲ್ಲಿ ನೋಡಿದ ‘ಪವರ್ ರೇಂಜರ್ಸ್’ ಧಾರಾವಾಹಿಯಲ್ಲಿ ವರ್ಷಗಟ್ಟಲೆ ದುಡಿದವರು. ಕಡಿಮೆ ಹಣದಲ್ಲಿ, ಕಡಿಮೆ ದಿನಗಳಲ್ಲಿ ಹೊಡೆದಾಟ ಚಿತ್ರಿಸುವ ಶಿಸ್ತು ಅವರಿಗೆ ಅಲ್ಲಿಂದಲೇ ಬಂದಿರಬೇಕು ಎಂದು ನನ್ನ ಅಂದಾಜು. ಅವರ ಕ್ಯಾಮೆರಾ ದೂರ ನಿಲ್ಲುತ್ತದೆ. ಇಬ್ಬರು ಕಾದಾಳುಗಳೂ ತಲೆಯಿಂದ ಪಾದದವರೆಗೆ ಚೌಕಟ್ಟಿನೊಳಗೆ ಕಾಣುತ್ತಾರೆ. ಒಂದು ಶಾಟ್‌ನಲ್ಲಿ ಒಂದೇ ಏಟು ಇರುವುದಿಲ್ಲ. ಏಟು, ತಪ್ಪಿಸಿಕೊಳ್ಳುವುದು, ಮರು ಏಟು, ಮೂರೂ ಸೇರಿ ಒಂದು ಶಾಟ್. ಅದೇ ವರ್ಷಗಳಲ್ಲಿ ಹಾಲಿವುಡ್‌ನ ದೊಡ್ಡ ಚಿತ್ರಗಳು ಕ್ಯಾಮೆರಾ ಅಲುಗಾಡಿಸಿ, ಕ್ಷಣಕ್ಕೊಮ್ಮೆ ಕತ್ತರಿಸಿ ಹೊಡೆದಾಟ ತೋರಿಸುತ್ತಿದ್ದವು. ತಾರೆಗೆ ಕಾದಾಡಲು ಬಾರದಿದ್ದರೆ ಆ ಕತ್ತರಿಯೇ ಅವನನ್ನು ಕಾಪಾಡಬೇಕು. ನಟನಿಗೇ ವಿದ್ಯೆ ಬರುವಾಗ ಕತ್ತರಿಗೆ ಕೆಲಸವಿಲ್ಲ. ಮೈಸೂರು ದಸರಾದ ಹೊತ್ತಿಗೆ ದೊಡ್ಡಕೆರೆ ಮೈದಾನದಲ್ಲಿ ನಾಡಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಖಾಡದ ಅಂಚಿನಲ್ಲಿ ಕುಳಿತವರು ಪೈಲ್ವಾನರ ಮುಖ ನೋಡುವುದಕ್ಕಿಂತ ಕಾಲಿನ ನೆಲೆ ನೋಡುತ್ತಾರೆ, ಹಿಡಿತ ಸೊಂಟಕ್ಕೆ ಬಿತ್ತೋ ತೊಡೆಗೆ ಬಿತ್ತೋ ಎಂದು ನೋಡುತ್ತಾರೆ. ಈ ಚಿತ್ರವನ್ನೂ ಆ ಕಣ್ಣಿನಿಂದಲೇ ನೋಡಬೇಕು.

ಜೈಲಿನ ಆಯ್ಕೆಯಲ್ಲೂ ಜಾಣತನವಿದೆ. ಚಿತ್ರೀಕರಣ ನಡೆದದ್ದು ಖರ್ಚು ಕಡಿಮೆ ಬೀಳುವ ಬಲ್ಗೇರಿಯಾದಲ್ಲಿ. ಒಂದು ಸೆಟ್, ಒಂದೇ ಬಗೆಯ ಬಟ್ಟೆ, ಕಾದಾಡಲು ಸಿದ್ಧ ಕಾರಣ: ಉಳಿದ ಹಣ, ಸಮಯ ಎರಡೂ ಕಾಳಗಕ್ಕೆ.

ಕಥೆಯ ಕೊನೆಯನ್ನು ಮೊದಲೇ ತಿಳಿಯಲು ಬಯಸದವರು ಈ ಪ್ಯಾರಾವನ್ನೂ ಮುಂದಿನದನ್ನೂ ಬಿಟ್ಟು ಓದಬಹುದು. ಮೊದಲ ಕಾಳಗದಲ್ಲಿ ಚೇಂಬರ್ಸ್ ಸೋಲುತ್ತಾನೆ, ಅದೂ ಅವನು ಕುಡಿದ ನೀರಿಗೆ ಮತ್ತಿನ ಔಷಧ ಬೆರೆಸಿದ್ದರಿಂದ. ಆ ಮೇಲೆ ಗಾಲಿಕುರ್ಚಿಯಲ್ಲಿರುವ ಕ್ರೋಟ್ ಎಂಬ ಹಿರಿಯ ಖೈದಿ ಅವನಿಗೆ ವಸ್ತಾದ್ ಆಗುತ್ತಾನೆ. ಹಿಡಿತ, ಬಿಡಿಸಿಕೊಳ್ಳುವಿಕೆ, ಕಾಲಿನ ಪಟ್ಟು ಕಲಿಸುತ್ತಾನೆ. ಕೊನೆಯ ಕಾಳಗದಲ್ಲಿ ಬೊಯ್ಕಾ ಎಂದಿನಂತೆ ಗಾಳಿಯಲ್ಲಿ ತಿರುಗಿ ಒದೆಯುತ್ತಾನೆ. ಚೇಂಬರ್ಸ್ ಕಣ್ಣು ಮಾತ್ರ ಅವನ ಕಾಲಿನ ಮೇಲೆ. ಒದೆತದ ಜೀವಾಳ ಇರುವುದು ಮಂಡಿಯಲ್ಲಿ. ಮಂಡಿ ಒಂದೇ ದಿಕ್ಕಿಗೆ ಮಡಿಚುವ ಕೀಲು. ಎದುರಾಳಿಯ ಕಾಲನ್ನು ಎದೆಗವಚಿಕೊಂಡು, ತೊಡೆಗಳ ನಡುವೆ ಬಿಗಿದು, ಸೊಂಟವನ್ನು ಮುಂದಕ್ಕೆ ನೂಕಿದರೆ ಮಂಡಿ ಹೋಗಬಾರದ ದಿಕ್ಕಿಗೆ ಹೋಗುತ್ತದೆ. ತೋಳ್ಬಲ ಎಷ್ಟಿದ್ದರೂ ಸೊಂಟದ ಬಲದ ಮುಂದೆ ಕಾಲು ನಿಲ್ಲಲಾರದು. ಕೊನೆಗೆ ಚೇಂಬರ್ಸ್ ಗೆಲ್ಲುವುದು ಗುದ್ದಿ ಅಲ್ಲ, ಬೊಯ್ಕಾನ ಕಾಲು ಮುರಿದು. 2010ರಲ್ಲಿ ಬಂದ ಮೂರನೆಯ ಭಾಗದ ಕಥೆ ಬೆಳೆಯುವುದೇ ಆ ಮುರಿದ ಮಂಡಿಯಿಂದ.

ರಷ್ಯಾದ ಜೈಲಿನ ಕಥೆಗೆ ಕಾಲಿನ ಪಟ್ಟು ತುಂಬ ಒಪ್ಪುತ್ತದೆ. ರಷ್ಯಾದ ಕುಸ್ತಿಯಾದ ಸಾಂಬೊದ ಹೆಗ್ಗುರುತು ಕಾಲಿನ ಪಟ್ಟುಗಳು. ಜೂಡೋ ಪಂದ್ಯಗಳಲ್ಲಿ ಮೊಣಕೈಗೆ ಮಾತ್ರ ಪಟ್ಟು ಹಾಕಬಹುದು, ಸಾಂಬೊದಲ್ಲಿ ಕಾಲಿಗೂ ಹಾಕಬಹುದು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ವಸಿಲಿ ಒಶ್ಚೆಪ್ಕೊವ್ ಜಪಾನಿನ ಕೊಡೊಕಾನ್‌ನಲ್ಲಿ ಜೂಡೋ ಕಲಿತು ಬಂದವರು. ಅದೇ ಕಾರಣಕ್ಕೆ ಜಪಾನಿನ ಗೂಢಚಾರನೆಂಬ ಆರೋಪ ಹೊತ್ತು 1937ರಲ್ಲಿ ಮಾಸ್ಕೋದ ಬುಟಿರ್ಕಾ ಜೈಲಿನಲ್ಲಿ ಪ್ರಾಣ ಬಿಟ್ಟರು. ಚಿತ್ರ ಇದನ್ನೆಲ್ಲ ಹೇಳುವುದಿಲ್ಲ. ಜೈಲಿನಲ್ಲಿ ಹಿರಿಯನೊಬ್ಬ ಪಟ್ಟು ಹೇಳಿಕೊಡುವ ದೃಶ್ಯಗಳು ಬಂದಾಗ ಮಾತ್ರ ನನಗೆ ಆ ಮನುಷ್ಯನ ನೆನಪಾಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಇಂಥ ಚಿತ್ರಗಳಲ್ಲಿ ಹೊಡೆಯುವವನಿಗೆ ಬರುವ ಹೆಸರು ಬೀಳುವವನಿಗೆ ಬರುವುದಿಲ್ಲ. ಟಿವಿಯ ರೆಸ್ಲಿಂಗ್ ನೋಡುವವರಿಗೆ ಗೊತ್ತು, ಎತ್ತಿ ಹಾಕುವವನಷ್ಟೇ ಎತ್ತಿಸಿಕೊಳ್ಳುವವನೂ ಸರಿಯಾದ ಗಳಿಗೆಯಲ್ಲಿ ಜಿಗಿಯಬೇಕು, ಬಿದ್ದ ಮೇಲೆ ಆ ನೋವನ್ನು ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟಿಸಬೇಕು. ಬೊಯ್ಕಾ ಪಾತ್ರ ಗೆದ್ದಿರುವುದು ಅಲ್ಲೇ. ಆಡ್ಕಿನ್ಸ್ ಒದೆಯುವಾಗ ಎಷ್ಟು ಸೊಗಸೋ ಸೋಲುವಾಗಲೂ ಅಷ್ಟೇ ಪ್ರಾಮಾಣಿಕ. ಖಳನಾಗಿ ಬಂದವನು ಮೂರನೆಯ ಭಾಗದ ಹೊತ್ತಿಗೆ ನಾಯಕನಾದದ್ದು ಪ್ರೇಕ್ಷಕರ ಪ್ರೀತಿಯಿಂದ. 2023ರ ‘ಜಾನ್ ವಿಕ್ 4’ರಂಥ ದೊಡ್ಡ ಚಿತ್ರವೂ ಆಡ್ಕಿನ್ಸ್ ಅವರನ್ನು ಕರೆಸಿಕೊಂಡಿತು.

ಕೊರತೆಗಳು ಕಣ್ಣಿಗೆ ಬೀಳದೆ ಇರವು. ಮಾತುಗಳು ಸಪ್ಪೆ, ಪೋಷಕ ನಟರು ಹಲವರು ಕೃತಕ, ಪ್ರತಿ ಒದೆತಕ್ಕೂ ಸೇರಿಸಿರುವ ಗಾಳಿ ಸೀಳುವ ಸದ್ದು ಅತಿಯಾಯಿತು. ಹಿಂಸೆಯೂ ಗಾಢವಾಗಿದೆ, ಚಿಕ್ಕ ಮಕ್ಕಳ ಜೊತೆ ಕುಳಿತು ನೋಡುವ ಚಿತ್ರ ಖಂಡಿತ ಅಲ್ಲ. ಆದರೆ ಮನುಷ್ಯನ ಮೈ ಅಭ್ಯಾಸದಿಂದ ಏನೇನು ಮಾಡಬಲ್ಲದು ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಚಿತ್ರಗಳು ಇದರ ಹತ್ತು ಪಟ್ಟು ಖರ್ಚಿನವುಗಳಲ್ಲೂ ಕಡಿಮೆ. ಮೊದಲ ಭಾಗ ನೋಡದಿದ್ದರೂ ಏನೂ ತೊಂದರೆಯಿಲ್ಲ, ನೇರವಾಗಿ ಎರಡನೆಯದನ್ನೇ ನೋಡಿ. ಕೊನೆಯ ಕಾಳಗವನ್ನು ಎರಡು ಸಲ ನೋಡಿ: ಒಮ್ಮೆ ಕಥೆಗಾಗಿ, ಇನ್ನೊಮ್ಮೆ ಇಬ್ಬರ ಕಾಲುಗಳ ಮೇಲೆ ಮಾತ್ರ ಕಣ್ಣಿಟ್ಟು. ಮೂರನೆಯ ಭಾಗವನ್ನು ಆಮೇಲೆ ನೋಡಬಹುದು.