ಪ್ಲೇಟು ಬಟ್ಟಲಾದ ಬಗೆ

ನಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕಪ್ಪು ಬಟ್ಟಲೊಂದನ್ನು ಮೇಜಿನ ಮೇಲಿಟ್ಟುಕೊಂಡು ನಿಂತಿದ್ದಳು. ಅದರ ಅಂಚು ಅರೆಬಿರಿದ ಹೂವಿನಂತೆ ಅಲೆಅಲೆಯಾಗಿತ್ತು. ತಳದಲ್ಲಿ ದುಂಡನೆಯ ಕೆಂಪು ಚೀಟಿ, ಅದರ ನಡುವೆ ಒಂದು ತೂತು. ಬಗ್ಗಿ ನೋಡಿದರೆ ಅದು ಗ್ರಾಮಾಫೋನ್ ಪ್ಲೇಟು! ತಟ್ಟೆ, ಧ್ವನಿಮುದ್ರಿಕೆ ಎಂದೆಲ್ಲ ಬರೆದರೂ ನಮ್ಮ ಕಡೆ ಹಿರಿಯರ ಬಾಯಲ್ಲಿ ಅದು ಪ್ಲೇಟೇ.

ಮಾಡುವ ಕ್ರಮ ಸುಲಭ. ಓವನ್ನಿನಲ್ಲಿ ಸ್ಟೀಲ್ ಡಬ್ಬಿಯೊಂದನ್ನು ಕವುಚಿಟ್ಟು, ಅದರ ಮೇಲೆ ಎಲ್.ಪಿ. ತಟ್ಟೆಯನ್ನು ಮಲಗಿಸಿ, ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖ ಕೊಡಬೇಕು. ಮೂರು ನಾಲ್ಕು ನಿಮಿಷಗಳಲ್ಲಿ ತಟ್ಟೆ ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ. ದಪ್ಪ ಬಟ್ಟೆ ಹಿಡಿದು ಹೊರತೆಗೆದು ಕೈಯಿಂದ ಆಕಾರ ತಿದ್ದಿದರೆ, ಒಂದು ನಿಮಿಷದೊಳಗೆ ಮತ್ತೆ ಗಟ್ಟಿ. ಇದನ್ನು ದೊಡ್ಡವರ ಜೊತೆಯಲ್ಲೇ, ಕಿಟಕಿ ತೆರೆದಿಟ್ಟುಕೊಂಡೇ ಮಾಡಬೇಕು. ಬೆಂಕಿಯ ಉರಿಗೆ ಮಾತ್ರ ಎಂದೂ ಹಿಡಿಯಬೇಡಿ. ತಟ್ಟೆಯಲ್ಲಿರುವುದು ಪಿ.ವಿ.ಸಿ. ಜಾತಿಯ ಪ್ಲಾಸ್ಟಿಕ್. ಅತಿಯಾಗಿ ಕಾದರೆ ಅದರಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಕಣ್ಣು, ಮೂಗು, ಗಂಟಲು ಉರಿಸುವ ಅನಿಲ ಅದು. ಬಟ್ಟಲಿನಲ್ಲಿ ತಿಂಡಿ ಹಾಕುವುದೂ ಬೇಡ. ಬೀಗದ ಕೈ, ಪೆನ್ಸಿಲ್ ಇಡಲು ಚೆನ್ನಾಗಿದೆ.

ಗಟ್ಟಿ ತಟ್ಟೆ ಮೆತ್ತಗಾದದ್ದು ಹೇಗೆ? ವಿನೈಲ್ ಪ್ಲಾಸ್ಟಿಕ್ಕಿನ ಅಣುಗಳು ಉದ್ದನೆಯ ಸರಪಳಿಗಳು. ಒಣ ಶಾವಿಗೆಯ ಕಟ್ಟಿನಂತೆ ಒಂದಕ್ಕೊಂದು ಹೆಣೆದುಕೊಂಡು ಬಿಗಿಯಾಗಿರುತ್ತವೆ. ಕಾದಾಗ ಅವಕ್ಕೆ ಚಲನೆ ಬಂದು ಒಂದರ ಮೇಲೊಂದು ಜಾರುತ್ತವೆ. ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಬೆಂದ ಶಾವಿಗೆ ಮತ್ತೆ ಒಣ ಶಾವಿಗೆಯಾಗದು, ವಿನೈಲ್ ಆರಿದೊಡನೆ ಮೊದಲಿನಷ್ಟೇ ಗಟ್ಟಿಯಾಗುತ್ತದೆ. ಹಳೆಯ ಕಪ್ಪು ಬೇಕಲೈಟ್ ಸ್ವಿಚ್ಚನ್ನು ಎಷ್ಟು ಕಾಯಿಸಿದರೂ ಹೀಗಾಗುವುದಿಲ್ಲ. ಅದರ ಸರಪಳಿಗಳಿಗೆ ಅಡ್ಡ ಕೊಂಡಿಗಳು ಬಿದ್ದಿವೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅಂಚಿನ ಅಲೆ. “ನೀನು ಬೇಕೆಂದೇ ಮಾಡಿದ್ದೇ?” ಎಂದೆ. “ಇಲ್ಲ ಸರ್, ತಾನಾಗಿ ಬಂತು” ಎಂದಳು. ಲೆಕ್ಕ ಹಾಕೋಣ. ಎಲ್.ಪಿ. ತಟ್ಟೆಯ ವ್ಯಾಸ 30 ಸೆಂಟಿಮೀಟರ್, ಅಂದರೆ ಸುತ್ತಳತೆ ಸುಮಾರು 94. ಅಂಚನ್ನು ಮೇಲೆತ್ತಿ 20 ಸೆಂಟಿಮೀಟರ್ ಬಾಯಿಯ ಬಟ್ಟಲು ಮಾಡಿದರೆ, ಆ ಬಾಯಿಗೆ ಬೇಕಾದ ಸುತ್ತಳತೆ 63 ಮಾತ್ರ. ಉಳಿದ 31 ಸೆಂಟಿಮೀಟರ್ ಎಲ್ಲಿಗೆ ಹೋಗಬೇಕು? ಮಾಯವಾಗಲು ಬರುವುದಿಲ್ಲ. ಅದೇ ನಿರಿಗೆಯಾಗುತ್ತದೆ. ನಿಮ್ಮ ತಾಯಿ ಸೀರೆಯ ಹೆಚ್ಚಿನ ಉದ್ದವನ್ನು ಸೊಂಟದಲ್ಲಿ ನಿರಿಗೆ ಹಿಡಿಯುವುದಿಲ್ಲವೇ, ಹಾಗೆಯೇ. ದುಂಡಗೆ ಕತ್ತರಿಸಿದ ಕಾಗದವನ್ನು ಲೋಟದ ಮೇಲೆ ಕವುಚಿ ಒತ್ತಿ ನೋಡಿ, ಓವನ್ ಇಲ್ಲದೆಯೇ ಈ ಪಾಠವಾಗುತ್ತದೆ. ಬಿಡಿಸಿದ ಕಿತ್ತಲೆಯ ಸಿಪ್ಪೆಯನ್ನು ಚಪ್ಪಟೆ ಮಾಡಹೊರಟರೆ ಇದು ತಿರುಗುಮುರುಗಾಗಿ, ಅಂಚಿಗೆ ಅಳತೆ ಸಾಲದೆ ಸಿಪ್ಪೆ ಹರಿಯುತ್ತದೆ. ಭೂಗೋಳವನ್ನು ಕಾಗದದ ಮೇಲೆ ತಪ್ಪಿಲ್ಲದೆ ಬಿಡಿಸಲಾಗದ್ದೂ ಇದೇ ಕಾರಣಕ್ಕೆ. ಗೌಸ್ 1827ರಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದ.

ಹುಡುಗಿಗೆ ಬಹುಮಾನ ಬಂತು. ತೊಡಕು ಶುರುವಾದದ್ದು ಆಮೇಲೆ.

ಮುಂದಿನ ವಾರ ಅದೇ ತರಗತಿಯ ಹುಡುಗನೊಬ್ಬ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಕಪ್ಪು ಚೂರುಗಳನ್ನು ತಂದು ನನ್ನ ಮುಂದಿಟ್ಟ. ಅವರ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಪ್ಲೇಟು. ಮನೆಯಲ್ಲಿ ಓವನ್ ಇಲ್ಲದ್ದರಿಂದ ಕುದಿಯುವ ನೀರಿಗೆ ಇಳಿಬಿಟ್ಟನಂತೆ. ಬಾಗುವುದರ ಬದಲು ಚಟಾರೆಂದು ಒಡೆಯಿತು. “ನನ್ನದು ಯಾಕೆ ಸರ್ ಬಟ್ಟಲಾಗಲಿಲ್ಲ?”

ಚೀಟಿಯ ಮೇಲೆ 78 ಎಂದಿತ್ತು. ಅದು ವಿನೈಲ್ ಅಲ್ಲ, ಅರಗು. ಪಾಂಡವರ ಅರಗಿನ ಮನೆಯ ಅರಗೇ. ಮುತ್ತುಗದಂಥ ಮರಗಳ ರೆಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ರಾಳ ಅದು. ಚನ್ನಪಟ್ಟಣದ ಬೊಂಬೆ ಮಾಡುವವರು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೇ ಅದು ಕರಗಿ ಮರಕ್ಕೆ ಹತ್ತುತ್ತದೆ. ಹಾಗಾದರೆ ಅರಗಿನ ಪ್ಲೇಟೂ ಬಾಗಬೇಕಿತ್ತಲ್ಲ ಎನ್ನಬಹುದು. ಆದರೆ ಪ್ಲೇಟಿನಲ್ಲಿ ಅರಗಿಗಿಂತ ಕಲ್ಲಿನ ಪುಡಿಯೇ ಹೆಚ್ಚು, ಅರಗು ಅದನ್ನು ಹಿಡಿದಿಡುವ ಅಂಟು ಮಾತ್ರ. ಉಕ್ಕಿನ ಮುಳ್ಳಿನ ಭಾರವನ್ನು ತಡೆಯಲೆಂದು ಆ ಪುಡಿ. ಮುಳ್ಳು ಸವೆಯುತ್ತಿದ್ದುದೂ ಅದರಿಂದಲೇ. ಇಂಥ ಬಿರುಸು ವಸ್ತು ಕುದಿನೀರು ಸೋಕಿದಾಗ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದೆ ಸೀಳುತ್ತದೆ. ತಣ್ಣನೆಯ ಗಾಜಿನ ಲೋಟಕ್ಕೆ ಬಿಸಿ ಕಾಫಿ ಸುರಿದಂತೆ.

ಭಾರತದ ಅರಗಿಗೆ ಆಗ ಬಹಳ ಬೇಡಿಕೆಯಿತ್ತು. 1902ರಲ್ಲಿ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಪ್ಲೇಟುಗಳು ಅಚ್ಚಾದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಗಾಯಕಿ ಯಾರೆಂದು ತಿಳಿಯಲೆಂದು ಆಕೆ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದಲ್ಲಿ ಅರಗಿಗೆ ಬರ ಬಂತು. ಸೈನಿಕರಿಗೆ ಕಳಿಸುವ ಹಾಡುಗಳಿಗೆ ವಿನೈಲ್ ಬಳಸಿದರು. 1948ರಲ್ಲಿ ಕೊಲಂಬಿಯಾ ಕಂಪನಿಯ ಎಲ್.ಪಿ. ಬಂತು, ಅದರ ಒಂದು ಮಗ್ಗುಲಲ್ಲಿ ಅರ್ಧ ಕಿಲೋಮೀಟರ್‌ನಷ್ಟು ಉದ್ದದ ಒಂದೇ ಸುರುಳಿ ಗೆರೆ. ನಮ್ಮ ದೇಶದಲ್ಲಿ ಮಾತ್ರ 1960ರ ದಶಕದಲ್ಲೂ 78ರ ಪ್ಲೇಟು ಅಚ್ಚಾಗುತ್ತಿತ್ತು. ಬೀಟಲ್ಸ್ ಹಾಡುಗಳೂ ಇಲ್ಲಿ 78ರಲ್ಲಿ ಬಂದಿದ್ದವು. ಆದ್ದರಿಂದ ಅಟ್ಟದ ಮೇಲಿನ ಪ್ಲೇಟು ಯಾವ ಜಾತಿಯದೆಂದು ಅದರ ವಯಸ್ಸಿನಿಂದ ಹೇಳಲಾಗದು, ಚೀಟಿ ಓದಲೇಬೇಕು. 78 ಎಂದಿದ್ದರೆ, ಮೂರು ನಿಮಿಷದ ಒಂದೊಂದೇ ಹಾಡಿದ್ದರೆ, ಕೈಗೆ ಭಾರವಾಗಿ ಸ್ವಲ್ಪವೂ ಬಳುಕದಿದ್ದರೆ ಒಲೆಯ ಹತ್ತಿರ ಒಯ್ಯಬೇಡಿ. ವಿನೈಲ್ ಆದರೂ ಒಮ್ಮೆ ಹಾಕಿ ಕೇಳಿ. ಹಾಡುವ ಪ್ಲೇಟನ್ನು ಬಟ್ಟಲು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಗೀರು ಬಿದ್ದು ಹಾಳಾದವು ಬೇಕಾದಷ್ಟಿವೆ.

ಆ ಹುಡುಗನ ಪ್ಲೇಟಿನಲ್ಲಿದ್ದದ್ದು ಒಂದು ನಾಟಕದ ಹಾಡು. ಅಜ್ಜಿ ಬೈಯಲಿಲ್ಲವಂತೆ, ಮಾತೇ ಆಡಲಿಲ್ಲವಂತೆ. “ಅಂಟಿಸಿದರೆ ಹಾಡುತ್ತದಾ ಸರ್?” ಎಂದು ಕೇಳಿದ. ಅಂಟಿಸಬಹುದು, ಆದರೆ ಪ್ರತಿ ಸುತ್ತಿಗೂ ಮುಳ್ಳು ಬಿರುಕಿನಲ್ಲಿ ಎಡವುತ್ತದೆ ಎಂದೆ. ಚೀಟಿ ಮಾತ್ರ ಒಂದೇ ಚೂರಿನಲ್ಲಿ ಪೂರ್ತಿ ಉಳಿದಿತ್ತು. ಅದರ ಮೇಲೆ ಕಂಪನಿಯ ನಂಬರು ಇರುತ್ತದೆ. ಒಂದೇ ನಂಬರಿನ ಪ್ಲೇಟುಗಳನ್ನು ಹಲವಾರು ಅಚ್ಚು ಹಾಕಿರುತ್ತಾರೆ. ಭೂತಗನ್ನಡಿ ಹಿಡಿದು ಆ ನಂಬರನ್ನು ಇಬ್ಬರೂ ಬರೆದುಕೊಂಡೆವು. ಹಳೆಯ ಪ್ಲೇಟು ಕೂಡಿಡುವ ಮೂವರನ್ನು ಈವರೆಗೆ ವಿಚಾರಿಸಿದ್ದಾಗಿದೆ. ಹುಡುಗ ದಿನಾ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಲ್ಲುತ್ತಾನೆ.