ಮಾಲು ತುಂಬಬೇಕಾದ್ದು ರಿಯಾಯಿತಿ ನೋಡಿ ಅಲ್ಲ, ದಾರಿ ನೋಡಿ

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಪೇಟೆಗಳಲ್ಲಿ ಬ್ಯಾನರ್, ಬೋರ್ಡು, ಲಗ್ನಪತ್ರಿಕೆ, ಬಿಲ್ ಬುಕ್ ಮಾಡಿಕೊಡುವ ಸಣ್ಣ ಅಂಗಡಿಗಳ ದುಡ್ಡು ಎರಡು ಕಡೆ ಸಿಕ್ಕಿಕೊಳ್ಳುತ್ತದೆ: ಗಿರಾಕಿಯ ಉದ್ರಿಯಲ್ಲಿ ಮತ್ತು ಅಂಗಡಿಯ ಕಪಾಟಿನಲ್ಲಿ. ಇದು ಕಬ್ಬಿನ ಸೀಮೆ. ಕಬ್ಬು ಕೊಟ್ಟ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ ಬಾಕಿಯ ಕೂಗು ನಿಂತಿಲ್ಲ. ಕಾರ್ಖಾನೆಯ ಬಿಲ್ ತಡವಾದರೆ ಊರಿನ ಉದ್ರಿಯೂ ತಡವಾಗುತ್ತದೆ. ಅದರ ಮೇಲೆ ಅಂಗಡಿಯವರ ಹಿಡಿತ ಕಡಿಮೆ. ಕಪಾಟು ಮಾತ್ರ ಪೂರ್ತಿ ಅವರ ಕೈಯಲ್ಲಿದೆ. ಅಲ್ಲಿ ಎಷ್ಟು ಮಾಲು ಇರಬೇಕು ಎಂಬುದನ್ನು ಸಗಟು ವ್ಯಾಪಾರಿಯ ರಿಯಾಯಿತಿ ತೀರ್ಮಾನಿಸಬಾರದು. ಆ ಮಾಲು ತೀರಿದರೆ ಎಷ್ಟು ಕೆಲಸ ನಿಲ್ಲುತ್ತದೆ, ಮತ್ತೆ ಬರಲು ಎಷ್ಟು ದಿನ ಬೇಕು ಎಂಬ ಎರಡು ಪ್ರಶ್ನೆಗಳೇ ತೀರ್ಮಾನಿಸಬೇಕು.

ಮೊದಲನೆಯ ಪ್ರಶ್ನೆಯನ್ನೇ ನೋಡೋಣ. ಬ್ಯಾನರ್ ಮಷೀನಿಗೆ ನಾಲ್ಕು ಇಂಕು ಬೇಕು: ಸಯಾನ್, ಮಜೆಂಟಾ, ಹಳದಿ, ಕಪ್ಪು. ಮೂರು ತುಂಬಿದ್ದು ಒಂದು ಬರಿದಾದರೂ ಕೆಲಸ ಬಂದ್. ನಾಲ್ಕೂ ಸಮನಾಗಿ ಖರ್ಚಾಗುವುದೂ ಇಲ್ಲ. ಗಣೇಶೋತ್ಸವದ ಕೇಸರಿ ಬರುವುದು ಹಳದಿಗೆ ಮಜೆಂಟಾ ಸೇರಿ. ರಾಜ್ಯೋತ್ಸವದ ಅರಿಶಿನ–ಕುಂಕುಮಕ್ಕೂ ಅವೆರಡೇ ಆಧಾರ. ನಾಲ್ಕೂ ಬಣ್ಣವನ್ನು ಸಮಸಂಖ್ಯೆಯಲ್ಲಿ ತರಿಸಿದರೆ ಸೀಸನ್ ನಡುವೆ ಈ ಎರಡು ಮುಗಿದು ಸಯಾನ್ ಉಳಿಯುತ್ತದೆ. ರೋಲಿನ ಅಗಲದ ಲೆಕ್ಕವೂ ಹೀಗೆಯೇ. 8×4 ಅಡಿಯ ಬ್ಯಾನರ್ ಬಂದಾಗ 4 ಅಡಿಯ ರೋಲ್ ತೀರಿದ್ದು, ಅದನ್ನು 5 ಅಡಿಯದರ ಮೇಲೆ ಹೊಡೆದರೆ 40 ಚದರ ಅಡಿಯಲ್ಲಿ 8 ಚದರ ಅಡಿ ಕತ್ತರಿಸಿ ಬಿಸಾಡಬೇಕು. ಐದರಲ್ಲೊಂದು ಪಾಲು ಹಾಳು. ಗಿರಾಕಿಗೆ ಇದು ಕಾಣುವುದಿಲ್ಲ, ಅಂಗಡಿಯ ಲಾಭ ಮಾತ್ರ ಕರಗುತ್ತದೆ. ಹಾಗಾಗಿ ಕಪಾಟು ತುಂಬಿ ಕಂಡ ಮಾತ್ರಕ್ಕೆ ಸಾಲದು. ದಿನಾ ಬೇಕಾಗುವ ಅಗಲ, ಬೇಗ ಖಾಲಿಯಾಗುವ ಬಣ್ಣ ತೀರದಂತೆ ನೋಡಿಕೊಳ್ಳಬೇಕು. ಎಸಿಪಿ ಶೀಟ್, ಅಕ್ರಿಲಿಕ್, ಎಲ್‌ಇಡಿಯಂಥ ಬೋರ್ಡಿನ ಸಾಮಾನನ್ನು ಅಡ್ವಾನ್ಸ್ ಪಡೆದ ಮೇಲೆ ತರಿಸಿದರೂ ನಡೆಯುತ್ತದೆ. ಬೋರ್ಡಿಗೆ ಗಿರಾಕಿ ನಾಲ್ಕು ದಿನ ಕಾಯುತ್ತಾನೆ, ನಾಳೆಯ ಮೆರವಣಿಗೆಯ ಬ್ಯಾನರಿಗೆ ಕಾಯುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ದೂರದ್ದು. ನಿಪ್ಪಾಣಿಗೆ ಕೊಲ್ಹಾಪುರ ಹತ್ತಿರ, ಕಾಗವಾಡಕ್ಕೆ ಮಿರಜ್ ಇನ್ನೂ ಹತ್ತಿರ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ತೆರಿಗೆ ಚೆಕ್‌ಪೋಸ್ಟುಗಳೂ ಹೋದವು. ಬೇಕಾದಾಗ ತಂದರಾಯಿತು, ಮಾಲು ಕೂಡಿಡುವುದೇಕೆ? ವರ್ಷದ ಬಹುಪಾಲು ದಿನಗಳಿಗೆ ಈ ಮಾತು ಸರಿ, ಆಗ ಕಡಿಮೆ ಮಾಲೇ ಜಾಣತನ. ಆದರೆ ನಮ್ಮ ಸೀಸನ್ನೇ ಅವರ ಸೀಸನ್. ಇಲ್ಲಿ ಗಣಪತಿ ಕೂರುವ ದಿನವೇ ಕೊಲ್ಹಾಪುರ, ಸಾಂಗ್ಲಿಯಲ್ಲೂ ಕೂರುತ್ತಾನೆ. 2024ರ ಮೇ 7ರಂದು ಚಿಕ್ಕೋಡಿ ಕ್ಷೇತ್ರ ಮತ ಹಾಕಿದ ದಿನವೇ ಕೊಲ್ಹಾಪುರ, ಸಾಂಗ್ಲಿ, ಹಾತಕಣಂಗಲೆ ಕ್ಷೇತ್ರಗಳೂ ಮತ ಹಾಕಿದವು. ನಾವು ನೆಚ್ಚಿದ ಪೇಟೆಗೆ ಅದರದೇ ಗಿರಾಕಿ ಮುತ್ತಿಕೊಂಡಿರುವಾಗ ಗಡಿಯಾಚೆಯ ಸಣ್ಣ ಅಂಗಡಿಯ ಸರದಿ ಕೊನೆಗೇ ಬರುತ್ತದೆ. ದಾರಿಯೂ ಯಾವಾಗಲೂ ತೆರೆದಿರುವುದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣಾ ಮತ್ತು ಉಪನದಿಗಳು ಉಕ್ಕಿ ಕೊಲ್ಹಾಪುರದ ಬಳಿ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದಾಗಿತ್ತು. ಆ ವರ್ಷದ ಚೌತಿ ಸೆಪ್ಟೆಂಬರ್ 2ಕ್ಕೆ. 2021ರ ಜುಲೈಯಲ್ಲಿ ಮತ್ತೆ ಪ್ರವಾಹ. ಮಳೆಗಾಲದ ನಡುವೆಯೇ ದೊಡ್ಡ ಸೀಸನ್ ಬರುವ ಈ ತಾಲೂಕುಗಳಲ್ಲಿ ಇಂಕು ಮತ್ತು ಓಡುವ ರೋಲುಗಳನ್ನು ಆಷಾಢದಲ್ಲೇ ತಂದಿಡುವುದು ಅಗತ್ಯ. ಕಾಗದದ ಮಾತು ಬೇರೆ. ಥಂಡಿ ಹೀರಿದ ಹಾಳೆ ಅಂಚಿನಲ್ಲಿ ಅಲೆಅಲೆಯಾಗಿ, ಬಹುವರ್ಣದ ಮುದ್ರಣದಲ್ಲಿ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ. ಅದನ್ನು ಮಳೆಗಾಲಕ್ಕೆ ಮುಂಚೆ ರಾಶಿ ಹಾಕುವುದು ನಷ್ಟದ ಬಾಬತ್ತು.

ಎರಡನೆಯ ಆಕ್ಷೇಪ: ಹೆಚ್ಚು ಕೊಂಡರೆ ಅಗ್ಗ. ಲೆಕ್ಕ ಹಾಕಿ ನೋಡೋಣ. ಒಂದು ಲಕ್ಷದ ಮಾಲಿಗೆ ನೂರಕ್ಕೆ ನಾಲ್ಕು ರಿಯಾಯಿತಿ ಸಿಕ್ಕರೆ ಉಳಿತಾಯ 4,000 ರೂಪಾಯಿ. ಆ ಲಕ್ಷ ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಯ ಸಾಲವಾಗಿದ್ದರೆ ಎರಡೇ ತಿಂಗಳಲ್ಲಿ ಉಳಿತಾಯ ಮುಗಿಯಿತು, ಮೂರನೆಯ ತಿಂಗಳಿಂದ ಕೈಯಿಂದ ಹೋಗುತ್ತದೆ. ಬಡ್ಡಿಗಿಂತ ದೊಡ್ಡ ಅಪಾಯ, ಮಾಲಿನ ಬೆಲೆಯೇ ಬಿದ್ದುಹೋಗುವುದು. ಸಾಲ್ವೆಂಟ್ ಇಂಕಿಗೆ ಅವಧಿಯಿದೆ. ಜಿಎಸ್‌ಟಿ ಬಂದಾಗ ಹಳೆಯ ತೆರಿಗೆ ಸಂಖ್ಯೆ ಹಾಕಿ ಅಚ್ಚು ಮಾಡಿಟ್ಟ ಬಿಲ್ ಬುಕ್ಕುಗಳು ರದ್ದಿಯಾದವು. ಅಚ್ಚಾಗದ ಕಾಗದಕ್ಕೆ ಏನೂ ಆಗಲಿಲ್ಲ. ಫ್ಲೆಕ್ಸ್ ಅಂತೂ 2016ರ ಮಾರ್ಚ್ 11ರ ಅಧಿಸೂಚನೆಯಿಂದಲೇ ರಾಜ್ಯದಲ್ಲಿ ನಿಷಿದ್ಧ. 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರನ್ನು 2022ರ ಜುಲೈ 1ರಿಂದ ಕೇಂದ್ರವೂ ನಿಷೇಧಿಸಿದೆ. ರಿಯಾಯಿತಿಗೆ ಮರುಳಾಗಿ ಅದನ್ನು ತುಂಬಿಟ್ಟವರು ಜಪ್ತಿಯ ಅಪಾಯವನ್ನೂ ಕೊಂಡಂತೆ. ಮುಂದಿನ ಬಂಡವಾಳ ಬಟ್ಟೆಯ ಬ್ಯಾನರಿನ ಕಡೆ ಹೋಗಬೇಕು. ಹಣವೆಲ್ಲ ಹಳೆಯ ರೋಲುಗಳಲ್ಲಿ ಕೂತಿದ್ದರೆ ಆ ದಾರಿ ಹಿಡಿಯುವುದೂ ಆಗದು.

ಮೂರನೆಯ ಆಕ್ಷೇಪವನ್ನು ಗೌರವದಿಂದ ಕೇಳಬೇಕು: ಡಿಸೈನು, ಪ್ರಿಂಟು, ಐಲೆಟ್ ಹೊಡೆಯುವುದು, ವಸೂಲಿ ಎಲ್ಲವನ್ನೂ ಇಬ್ಬರು ಮೂವರೇ ಮಾಡುವಲ್ಲಿ ಲೆಕ್ಕ ಬರೆಯಲು ಯಾರಿದ್ದಾರೆ? ಕಂಪ್ಯೂಟರಿನ ಸಾಫ್ಟ್‌ವೇರ್ ಎಲ್ಲರಿಗೂ ಬೇಕಿಲ್ಲ. ಮಷೀನಿಂದ ಇಳಿಸಿದ ರೋಲಿಗೆ ಎಷ್ಟು ಅಡಿ ಉಳಿದಿದೆ ಎಂದು ಬರೆದ ಚೀಟಿ ಅಂಟಿಸಿದರೆ ಸಾಕು. ಇಂಕಿನ ಕಪಾಟಿಗೆ ಒಂದು ಗೆರೆ ಎಳೆದು, ಮಾಲು ಅದರ ಕೆಳಗೆ ಇಳಿದ ದಿನವೇ ಆರ್ಡರ್ ಕೊಡುವುದು ರೂಢಿಯಾಗಬೇಕು. ಗೆರೆ ಎಲ್ಲಿರಬೇಕೆಂಬುದು ಸರಳ ಗುಣಾಕಾರ. ದಿನಕ್ಕೆ ಎರಡು ಲೀಟರ್ ಹೋಗುವ, ಬರಲು ನಾಲ್ಕು ದಿನ ಹಿಡಿಯುವ ಬಣ್ಣಕ್ಕೆ ಎಂಟು ಲೀಟರ್ ಬೇಕು. ಆಕಸ್ಮಿಕಕ್ಕೆ ನಾಲ್ಕು ಸೇರಿಸಿ ಹನ್ನೆರಡಕ್ಕೆ ಗೆರೆ. ಚೌತಿಗೆ, ಮಾಘದ ಚಿಂಚಲಿ ಮಾಯಕ್ಕನ ಜಾತ್ರೆಗೆ, ಚುನಾವಣೆಗೆ ಮುಂಚೆ ಗೆರೆ ಮೇಲೇರಬೇಕು. ಸೀಸನ್ ಮುಗಿಯುವ ವಾರದ ಮೊದಲೇ ಕೆಳಗಿಳಿಯಬೇಕು. ಅನುಭವಿಯ ಕಣ್ಣಳತೆ ಇದನ್ನೇ ಮಾಡುತ್ತದೆ ನಿಜ. ಆದರೆ ಆ ಕಣ್ಣು ಲಗ್ನಕ್ಕೆಂದು ಪರವೂರಿಗೆ ಹೋದ ದಿನ ಕೆಲಸದ ಹುಡುಗನಿಗೂ ಗೆರೆ ಕಾಣುತ್ತದೆ.

ಅಪರೂಪಕ್ಕೆ ಬೇಕಾಗುವ ಶೀಟುಗಳನ್ನು ಒಂದು ತಾಲೂಕಿನ ಅಂಗಡಿಗಳು ಹಂಚಿಕೊಂಡು ಇಟ್ಟುಕೊಂಡರೆ ಎಲ್ಲರ ಹೊರೆಯೂ ಇಳಿಯುತ್ತದೆ. ಪೈಪೋಟಿಯವನಿಗೆ ಮಾಲು ಕೊಡುವುದೇ ಎಂಬ ಅಳುಕು ಸಹಜ. ಆದರೆ ಎರಡು ಅಂಗಡಿಗಳಲ್ಲಿ ವರ್ಷಗಟ್ಟಲೆ ಧೂಳು ತಿನ್ನುವ ಎರಡು ಶೀಟಿಗಿಂತ, ಇಬ್ಬರಿಗೂ ಸಲ್ಲುವ ಒಂದೇ ಶೀಟು ಇಬ್ಬರಿಗೂ ಲಾಭ. ಸಣ್ಣ ಅಂಗಡಿ ನಷ್ಟಕ್ಕೆ ಬೀಳುವುದು ಯಾವಾಗಲೂ ಕೆಲಸವಿಲ್ಲದೆ ಅಲ್ಲ. ಕೆಲಸ ಬಂದ ದಿನ ಬೇಕಾದ ಮಾಲು ಇಲ್ಲದೆ, ಬೇಡದ ಮಾಲಿನಲ್ಲಿ ದುಡ್ಡು ಸಿಕ್ಕಿಕೊಂಡು. ಉದ್ರಿಯನ್ನು ನಾಳೆಯೇ ವಸೂಲು ಮಾಡಲಾಗದು, ಕಪಾಟಿನ ಗೆರೆಯನ್ನು ಇಂದೇ ಎಳೆಯಬಹುದು.